‘ಎಷ್ಟು?’ ಎಂದು ಕೇಳುವ ಓದು: ಖಾಸಗಿ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ, ಜೀವಭೌತ ವಿಜ್ಞಾನ

(ಪದವಿಗೆ ಸೇರಲಿರುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರಿಗಾಗಿ ನಡೆದ ಉಪನ್ಯಾಸದ ಬರಹ ರೂಪ)

ಒಂದು ಬಾಟಲಿಯಿಂದ ಶುರು ಮಾಡೋಣ. ಲೇಬಲ್ ಮೇಲೆ ‘ಟ್ರಿಸ್, 50 ಮಿಲಿಮೋಲಾರ್, ಪಿಎಚ್ 8.0’ ಎಂದಿದೆ. ಇದೊಂದು ಬಫರ್, ಅಂದರೆ ಪಿಎಚ್ ಸುಲಭಕ್ಕೆ ಬದಲಾಗದಂತೆ ತಡೆಯುವ ದ್ರಾವಣ. 25 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ತಯಾರಿಸಿ, ಮೀಟರ್ ನೋಡಿಕೊಂಡು ಸರಿಯಾಗಿ 8.0ಕ್ಕೆ ತಂದು, ಕೋಲ್ಡ್ ರೂಮಿನಲ್ಲಿಟ್ಟು ಮನೆಗೆ ಹೋದ. ಮರುದಿನ 4 ಡಿಗ್ರಿಯಲ್ಲಿ ಅದೇ ಬಫರ್ ಹಾಕಿ ಪ್ರೋಟೀನ್ ಶುದ್ಧೀಕರಿಸಲು ಕೂತ. ಈಗ ಆ ಲೇಬಲ್ ಸುಳ್ಳು. ಬಾಟಲಿಯೊಳಗಿನ ಪಿಎಚ್ 8.6ರ ಹತ್ತಿರ ಇದೆ. ಟ್ರಿಸ್‌ನ ಪಿಕೆಎ (ಅದರ ಅರ್ಧ ಅಣುಗಳು ಪ್ರೋಟಾನ್ ಹೊತ್ತಿರುವ ಪಿಎಚ್) 25 ಡಿಗ್ರಿಯಲ್ಲಿ 8.07, ಒಂದೊಂದು ಡಿಗ್ರಿ ತಣ್ಣಗಾದಂತೆ ಅದು 0.028ರಷ್ಟು ಮೇಲೇರುತ್ತದೆ. 21 ಡಿಗ್ರಿ ಇಳಿದರೆ 0.59.

ಅಷ್ಟರಿಂದ ಏನು ಮಹಾ ಆಯಿತು ಎನ್ನಬಹುದು. ನಮ್ಮ ಪ್ರೋಟೀನಿನ ಐಸೋಎಲೆಕ್ಟ್ರಿಕ್ ಬಿಂದು, ಅಂದರೆ ಅದರ ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್, 8.3 ಎಂದುಕೊಳ್ಳಿ. ಪಿಎಚ್ 8.0ರಲ್ಲಿ ಅದರ ಮೇಲೆ ಒಟ್ಟಾರೆ ಧನ ಆವೇಶ. ತಾನೂ ಧನ ಆವೇಶ ಹೊತ್ತ ಡಿಇಎಇ ಕಾಲಂಗೆ (ಪ್ರೋಟೀನುಗಳನ್ನು ಆವೇಶ ನೋಡಿ ಬೇರ್ಪಡಿಸುವ ಕೊಳವೆ) ಅಂಟದೆ ಹರಿದು ಹೊರಬರಬೇಕು. 8.6ರಲ್ಲಿ ಋಣ ಆವೇಶ. ಕಾಲಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹರಿದು ಬಂದ ದ್ರಾವಣದಲ್ಲಿ ಹುಡುಕಿದರೆ ಪ್ರೋಟೀನ್ ಸಿಗದು. ನೋಟ್‌ಬುಕ್ಕಿನಲ್ಲಿ ‘ಪ್ರೋಟೀನ್ ಹಾಳಾಯಿತು’ ಎಂದು ಬರೆದು, ಅದು ಅಂಟಿಕೊಂಡಿರುವ ಕಾಲಂ ಅನ್ನೇ ತೊಳೆದುಬಿಡುತ್ತಾರೆ.

ಪಿಎಚ್ ಎಷ್ಟಿರಬೇಕು ಎಂಬುದನ್ನು ಜೀವರಸಾಯನ ವಿಜ್ಞಾನ ಹೇಳಿಕೊಡುತ್ತದೆ. ಅದು ಉಷ್ಣತೆಯ ಜೊತೆ ಯಾಕೆ ಜಾರುತ್ತದೆ, ಎಷ್ಟು ಜಾರುತ್ತದೆ ಎಂಬಲ್ಲಿಗೆ ಜೀವಭೌತ ವಿಜ್ಞಾನ ಬರುತ್ತದೆ. ಟ್ರಿಸ್ ತನ್ನ ಪ್ರೋಟಾನ್ ಬಿಟ್ಟುಕೊಡಲು ಒಂದು ಮೋಲ್‌ಗೆ ಸುಮಾರು 47 ಕಿಲೋಜೂಲ್ ಶಾಖ ಹೀರುತ್ತದೆ. ಫಾಸ್ಫೇಟ್ 4ಕ್ಕಿಂತ ಕಡಿಮೆ. ಆದ್ದರಿಂದಲೇ ಫಾಸ್ಫೇಟ್ ಬಫರ್ ಕೋಲ್ಡ್ ರೂಮಿನಲ್ಲೂ ಹೆಚ್ಚು ಕದಲುವುದಿಲ್ಲ. ಹಾಗಾದರೆ ಎಲ್ಲಕ್ಕೂ ಫಾಸ್ಫೇಟನ್ನೇ ಬಳಸೋಣ ಎಂದರೆ, ಕ್ಯಾಲ್ಸಿಯಂ ಬೆರೆಸಿದ ಕೂಡಲೇ ಅದು ಬಿಳಿ ಗಸಿಯಾಗಿ ಕೂರುತ್ತದೆ. ಹೆಪಿಸ್ ಎಂಬ ಇನ್ನೊಂದು ಬಫರ್ ಈ ಎರಡರ ನಡುವಿನದು, ಡಿಗ್ರಿಗೆ 0.014.

ಖಾಸಗಿ ವಿಶ್ವವಿದ್ಯಾಲಯದಲ್ಲಿ ದುಡ್ಡು ಕಟ್ಟಿ ಈ ಎರಡು ವಿಷಯಗಳನ್ನು ಓದಲು ಹೊರಟವರಿಗೆ ನಾವು ಹೇಳಬೇಕಾದ್ದು ಒಂದೇ. ಈ ಪದವಿಯ ಬೆಲೆಯೆಲ್ಲ ನೀವೇ ಕೈಯಾರೆ ಅಳೆದ, ನಾಲ್ಕು ಜನ ಪ್ರಶ್ನಿಸಿದಾಗ ನಿಂತು ಸಮರ್ಥಿಸಬಲ್ಲ ಅಂಕಿಗಳಲ್ಲಿದೆ. ಕಟ್ಟಡ, ಬ್ರೋಷರ್, ಯಂತ್ರಗಳ ಫೋಟೋ ಎಲ್ಲ ಆಮೇಲೆ.

ಬಫರ್ ಮಾಡಲು ಬರುವುದೆಂದರೆ

ಅದೇ ಬಾಟಲಿಯನ್ನು ಸರಿಯಾಗಿ ತಯಾರಿಸುವುದು ಹೇಗೆಂದು ನೋಡೋಣ. ಟ್ರಿಸ್ ಬೇಸ್‌ನ ಅಣುತೂಕ 121.14. ಒಂದು ಲೀಟರ್‌ಗೆ 50 ಮಿಲಿಮೋಲಾರ್ ಅಂದರೆ 6.06 ಗ್ರಾಂ. ಅದನ್ನು 800 ಮಿಲಿಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಲೀಟರ್‌ನಲ್ಲಿ ಅಲ್ಲ. ಆಸಿಡ್ ಸೇರಿಸಲು ಜಾಗ ಬೇಕು. ಯಾವ ಉಷ್ಣತೆಯಲ್ಲಿ ಬಳಸುತ್ತೀರೋ ಆ ಉಷ್ಣತೆಗೆ ದ್ರಾವಣವನ್ನು ತನ್ನಿ. ಮೀಟರನ್ನು 7 ಮತ್ತು 10ರ ಸ್ಟ್ಯಾಂಡರ್ಡ್‌ಗಳಿಂದ ಸರಿಹೊಂದಿಸಿ. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ, ಕೊನೆಗೆ ನೀರು ಹಾಕಿ ಒಂದು ಲೀಟರ್ ಮಾಡಿ.

ಎಷ್ಟು ಆಮ್ಲ ಹಿಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. 25 ಡಿಗ್ರಿಯಲ್ಲಿ ಬಳಸುವ ಬಫರ್ ಎಂದಿಟ್ಟುಕೊಳ್ಳಿ. ಪಿಎಚ್ 8.0, ಪಿಕೆಎ 8.07 ಇದ್ದಾಗ ಪ್ರೋಟಾನ್ ಹೊತ್ತ ಟ್ರಿಸ್‌ನ ಪಾಲು ಸುಮಾರು ಶೇಕಡಾ 54. ಅಂದರೆ 27 ಮಿಲಿಮೋಲ್. 1 ಮೋಲಾರ್ ಆಮ್ಲವಾದರೆ 27 ಮಿಲಿಲೀಟರ್. ನಿಮಗೆ 26 ಅಥವಾ 28 ಹಿಡಿದರೆ ಸರಿ. 40 ಹಿಡಿದರೆ ಎಲ್ಲೋ ಎಡವಟ್ಟಾಗಿದೆ: ತೂಕ ತಪ್ಪಿರಬಹುದು, ಆಮ್ಲ ಹಳೆಯದಿರಬಹುದು, ಎಲೆಕ್ಟ್ರೋಡ್ ಒಣಗಿರಬಹುದು. ಆಮ್ಲ ಸೇರಿಸುವ ಮೊದಲೇ ಮೀಟರ್ 5ರ ಆಸುಪಾಸು ತೋರಿಸಿದರೆ ನೀವು ತೂಗಿದ್ದು ಟ್ರಿಸ್ ಬೇಸ್ ಅಲ್ಲ, ಅದರ ಪಕ್ಕದ ಡಬ್ಬಿಯ ಟ್ರಿಸ್ ಹೈಡ್ರೋಕ್ಲೋರೈಡ್. ಎರಡೂ ಬಿಳಿ ಪುಡಿ, ಎರಡರ ಡಬ್ಬಿಯೂ ಒಂದೇ ಥರ.

ಇನ್ನೊಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ. ಅವಸರದಲ್ಲಿ ಗಾಢ ಆಮ್ಲ ಸುರಿದು ಪಿಎಚ್ 7.6ಕ್ಕೆ ಇಳಿಯುತ್ತದೆ, ಆಗ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 8.0ಕ್ಕೆ ಎತ್ತುತ್ತಾರೆ. ಮೀಟರ್‌ಗೆ ಸಮಾಧಾನ. ಆದರೆ ಬಾಟಲಿಗೆ ಲೆಕ್ಕವಿಲ್ಲದ ಉಪ್ಪು ಸೇರಿತು. ಡಿಇಎಇಯಂಥ ಅಯಾನ್ ಎಕ್ಸ್‌ಚೇಂಜ್ ಕಾಲಂನಲ್ಲಿ ಆ ಹೆಚ್ಚುವರಿ ಉಪ್ಪೇ ಫಲಿತಾಂಶ ಬದಲಿಸುತ್ತದೆ. ಇಂಥ ಬಾಟಲಿಯನ್ನು ಚೆಲ್ಲಿ ಹೊಸದು ಮಾಡುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಉಳಿಸಿಕೊಂಡರೆ ಎರಡು ವಾರ ಹಾಳು.

ಪಿಪೆಟ್ ಬಗ್ಗೆ ಒಂದು ಮಾತು. ಅದನ್ನು ನಂಬುವ ಮುನ್ನ ಪರೀಕ್ಷಿಸಿ. 20 ಡಿಗ್ರಿಯಲ್ಲಿ 1000 ಮೈಕ್ರೋಲೀಟರ್ ನೀರು 0.998 ಗ್ರಾಂ ತೂಗಬೇಕು. ಹತ್ತು ಸಲ ತೂಗಿ ಸರಾಸರಿಯನ್ನೂ ಚದುರುವಿಕೆಯನ್ನೂ ಬರೆದಿಡಿ. ಸರಾಸರಿ ಕಡಿಮೆ ಬಂದರೆ ಪಿಪೆಟ್ ತಪ್ಪು, ಅಂಕಿಗಳು ಚದುರಿದರೆ ಸಾಮಾನ್ಯವಾಗಿ ಕೈ ತಪ್ಪು. ಕಿಣ್ವವನ್ನು 50 ಶೇಕಡಾ ಗ್ಲಿಸರಾಲ್‌ನಲ್ಲಿ ಇಟ್ಟಿರುತ್ತಾರೆ. ಜೇನಿನಂಥ ಆ ದ್ರವವನ್ನು ನೀರಿನಂತೆ ಎಳೆದರೆ ಟಿಪ್ ಒಳಗೆ ಅರ್ಧ ಗಾಳಿ. ನಿಧಾನವಾಗಿ ಎಳೆದು, ಎರಡು ಸೆಕೆಂಡ್ ಕಾದು, ಟಿಪ್‌ನ ಹೊರಮೈ ಒರೆಸಿ ಬಿಡಬೇಕು.

ಜೀವಭೌತ ವಿಜ್ಞಾನದ ಅಳತೆಗೋಲು

ಭೌತವಿಜ್ಞಾನ ಎಂದ ಕೂಡಲೇ ಜೀವವಿಜ್ಞಾನ ಇಷ್ಟಪಟ್ಟು ಬಂದವರ ಮುಖ ಬಾಡುತ್ತದೆ. ಆದರೆ ಶುರುವಿನಲ್ಲಿ ಒಂದೇ ಅಳತೆಗೋಲು ಸಾಕು: ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಉಷ್ಣತೆಯಿಂದ ಗುಣಿಸಿದ್ದು, ಲ್ಯಾಬಿನ ಭಾಷೆಯಲ್ಲಿ ‘ಕೆಟಿ’. 25 ಡಿಗ್ರಿಯಲ್ಲಿ ಅದು 4.1 ಪಿಕೋನ್ಯೂಟನ್-ನ್ಯಾನೋಮೀಟರ್. ನೀರಿನ ಅಣುಗಳು ಎಡೆಬಿಡದೆ ಕುಟ್ಟುವ ಕುಟ್ಟಿನ ಗಾತ್ರ ಇದು. ಜೀವಕೋಶದಲ್ಲಿ ಏನೇ ಬಂಧ ಉಳಿಯಬೇಕಾದರೂ, ಏನೇ ಕೆಲಸ ಒಂದು ದಿಕ್ಕಿಗೆ ಸಾಗಬೇಕಾದರೂ ಈ ಕುಟ್ಟನ್ನು ಮೀರಬೇಕು.

ಜೀವಕೋಶದ ಇಂಧನವಾದ ಎಟಿಪಿಯನ್ನು ಈ ಗೋಲಿನಿಂದ ಅಳೆಯಿರಿ. ಪಠ್ಯದಲ್ಲಿ ಎಟಿಪಿ ಒಡೆದಾಗ ಮೋಲ್‌ಗೆ 30.5 ಕಿಲೋಜೂಲ್ ಎಂದಿರುತ್ತದೆ. ಅದು ಎಲ್ಲವೂ 1 ಮೋಲಾರ್ ಇರುವ ಕಾಗದದ ಲೋಕದ ಅಂಕಿ. ಜೀವಕೋಶದೊಳಗೆ ಎಟಿಪಿ ಹೆಚ್ಚು, ಅದು ಒಡೆದು ಉಳಿಯುವ ಎಡಿಪಿ ಕಡಿಮೆ. ಅಲ್ಲಿ ಸಿಗುವುದು ಸುಮಾರು 50 ಕಿಲೋಜೂಲ್. ಅದನ್ನು ಅವೊಗಾಡ್ರೊ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಣುವಿಗೆ 83 ಪಿಕೋನ್ಯೂಟನ್-ನ್ಯಾನೋಮೀಟರ್, ಅಂದರೆ 20 ಕೆಟಿ. ಈಗ ಕೈನೆಸಿನ್ ಎಂಬ ಪ್ರೋಟೀನನ್ನು ನೋಡಿ. ಮೈಕ್ರೋಟ್ಯೂಬ್ಯೂಲ್ ಎಂಬ ಜೀವಕೋಶದೊಳಗಿನ ಹಳಿಯ ಮೇಲೆ ಸರಕು ಹೊತ್ತು ನಡೆಯುವ ಕೂಲಿ ಅದು. ಒಂದು ಹೆಜ್ಜೆ 8 ನ್ಯಾನೋಮೀಟರ್, ಹೆಜ್ಜೆಗೊಂದು ಎಟಿಪಿ. ಆಪ್ಟಿಕಲ್ ಟ್ವೀಜರ್ ಎಂಬ ಬೆಳಕಿನ ಚಿಮಟದಿಂದ ಹಿಂದಕ್ಕೆಳೆದರೆ ಸುಮಾರು 6 ಪಿಕೋನ್ಯೂಟನ್‌ಗೆ ನಿಂತುಬಿಡುತ್ತದೆ. 6ನ್ನು 8ರಿಂದ ಗುಣಿಸಿ: 48. 83 ಪಡೆದು 48ರಷ್ಟು ಕೆಲಸ ಮಾಡಬಲ್ಲದು, ಅರ್ಧಕ್ಕಿಂತ ಹೆಚ್ಚು. ಮೂರು ಅಂಕಿ, ಒಂದು ಗುಣಾಕಾರ, ಎರಡು ಭಾಗಾಕಾರದಲ್ಲಿ ಒಂದು ಅಣುಯಂತ್ರದ ದಕ್ಷತೆ ಕೈಗೆ ಬಂತು.

ಇಂಥ ಕೂಲಿ ಯಾಕೆ ಬೇಕು? ಅದಕ್ಕೂ ಲೆಕ್ಕವೇ ಉತ್ತರ. ಜೀವಕೋಶದೊಳಗೆ ಒಂದು ಪ್ರೋಟೀನಿನ ವಿಸರಣಾಂಕ (ತನ್ನಷ್ಟಕ್ಕೆ ಅದು ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಸೆಕೆಂಡಿಗೆ ಸುಮಾರು 10 ಚದರ ಮೈಕ್ರೋಮೀಟರ್. ದೂರದ ವರ್ಗವನ್ನು ವಿಸರಣಾಂಕದ ಎರಡರಷ್ಟರಿಂದ ಭಾಗಿಸಿದರೆ ಬೇಕಾಗುವ ಸಮಯ. 1 ಮೈಕ್ರೋಮೀಟರ್ ಸಾಗಲು 0.05 ಸೆಕೆಂಡ್. 10 ಮೈಕ್ರೋಮೀಟರ್‌ಗೆ 5 ಸೆಕೆಂಡ್. 1 ಮಿಲಿಮೀಟರ್‌ಗೆ 14 ಗಂಟೆ. ಬೆನ್ನುಹುರಿಯಿಂದ ಕಾಲ್ಬೆರಳಿನ ತನಕ ಹೋಗುವ, ಸುಮಾರು ಒಂದು ಮೀಟರ್ ಉದ್ದದ ನರತಂತುವಿಗೆ? ಸುಮಾರು 1,600 ವರ್ಷ. ಬ್ಯಾಕ್ಟೀರಿಯಾಕ್ಕೆ ಕೂಲಿಯ ಅಗತ್ಯವಿಲ್ಲ, ನಮಗಿದೆ. ಸೆಕೆಂಡಿಗೆ 800 ನ್ಯಾನೋಮೀಟರ್ ನಡೆಯುವ ಕೈನೆಸಿನ್ ಒಂದು ಮೀಟರನ್ನು ಎರಡು ವಾರದಲ್ಲಿ ಮುಗಿಸುತ್ತದೆ, ಮಧ್ಯೆ ಎಲ್ಲೂ ಕಳಚಿ ಬೀಳದಿದ್ದರೆ. (ನಿಜಕ್ಕೂ ಅದು ಪದೇಪದೇ ಕಳಚಿ ಬೀಳುತ್ತದೆ. ಸರಕಿಗೆ ಹಲವು ಕೈನೆಸಿನ್‌ಗಳು ಕಟ್ಟಿಕೊಂಡಿರುವುದರಿಂದ ಪ್ರಯಾಣ ಸಾಗುತ್ತದೆ.)

ಒಂದು ಹಳದಿ ಬಣ್ಣ, ಹತ್ತು ತಪ್ಪು

ಪ್ರಾಕ್ಟಿಕಲ್ ತರಗತಿಯ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡೋಣ: ಆಲ್ಕಲೈನ್ ಫಾಸ್ಫಟೇಸ್ ಕಿಣ್ವದ ವೇಗ ಅಳೆಯುವುದು. ಸಬ್‌ಸ್ಟ್ರೇಟ್, ಅಂದರೆ ಕಿಣ್ವ ಕೆಲಸ ಮಾಡುವ ವಸ್ತು, ಪ್ಯಾರಾ-ನೈಟ್ರೋಫೀನೈಲ್ ಫಾಸ್ಫೇಟ್, ಬಣ್ಣವಿಲ್ಲದ್ದು. ಕಿಣ್ವ ಅದರ ಫಾಸ್ಫೇಟನ್ನು ಕತ್ತರಿಸಿದರೆ ಹಳದಿಯ ಪ್ಯಾರಾ-ನೈಟ್ರೋಫೀನಾಲ್ ಹುಟ್ಟುತ್ತದೆ. ಪಿಎಚ್ 10ರ ಸುತ್ತಿನ ಬಫರ್, 405 ನ್ಯಾನೋಮೀಟರ್ ಬೆಳಕು, 1 ಸೆಂಟಿಮೀಟರ್ ಕ್ಯುವೆಟ್ (ದ್ರಾವಣ ಹಾಕುವ ಪಾರದರ್ಶಕ ಪೆಟ್ಟಿಗೆ). ದ್ರಾವಣ ಎಷ್ಟು ಬೆಳಕು ಹೀರಿತು ಎಂಬುದೇ ಸ್ಪೆಕ್ಟ್ರೋಫೋಟೋಮೀಟರ್ ಕೊಡುವ ರೀಡಿಂಗ್. ಮೋಲಾರ್ ಹೀರಿಕೆಯ ಗುಣಾಂಕ (1 ಮೋಲಾರ್ ದ್ರಾವಣಕ್ಕೆ ಲೆಕ್ಕದ ಪ್ರಕಾರ ಬರಬೇಕಾದ ರೀಡಿಂಗ್) ಸುಮಾರು 18,000. ನಿಮಿಷಕ್ಕೆ ರೀಡಿಂಗ್ 0.18ರಷ್ಟು ಏರಿದರೆ ನಿಮಿಷಕ್ಕೆ 10 ಮೈಕ್ರೋಮೋಲಾರ್ ಹಳದಿ ಹುಟ್ಟಿದಂತೆ.

ಇಲ್ಲಿ ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ಮುಂದಿನ ಪ್ರಶ್ನೆ ಕೇಳಬೇಕು: ಆ ಕ್ಯುವೆಟ್‌ನಲ್ಲಿ ಸಬ್‌ಸ್ಟ್ರೇಟ್ ಎಷ್ಟಿತ್ತು? 50 ಮೈಕ್ರೋಮೋಲಾರ್ ಇದ್ದರೆ ಒಂದೇ ನಿಮಿಷದಲ್ಲಿ ಐದನೇ ಒಂದು ಪಾಲು ಖಾಲಿ. ಮೈಕೇಲಿಸ್ ಮತ್ತು ಮೆಂಟೆನ್ 1913ರಲ್ಲಿ ಕಟ್ಟಿಕೊಟ್ಟ ಸಮೀಕರಣ ಆರಂಭದ ವೇಗಕ್ಕೆ ಮಾತ್ರ ಹೊಂದುತ್ತದೆ. ಶೇಕಡಾ 10ಕ್ಕಿಂತ ಹೆಚ್ಚು ಸಬ್‌ಸ್ಟ್ರೇಟ್ ಖರ್ಚಾಗುವ ಮೊದಲು ಅಳೆದು ಮುಗಿಸಬೇಕು. ಪರಿಹಾರ ಸುಲಭ: ಕಿಣ್ವವನ್ನು ಹತ್ತು ಪಟ್ಟು ತೆಳುಮಾಡಿ. ಗೆರೆ ನೇರವಾಗಿ, ನಿಧಾನವಾಗಿ ಏರಲಿ.

ಇನ್ನುಳಿದ ತಪ್ಪುಗಳು ಒಂದರ ಹಿಂದೆ ಒಂದು ಬರುತ್ತವೆ. ಸಬ್‌ಸ್ಟ್ರೇಟ್ ಬಾಟಲಿ ಹಳೆಯದಾಗಿ ಆಗಲೇ ಹಳದಿಗಟ್ಟಿದ್ದರೆ ಕಿಣ್ವವಿಲ್ಲದ ಬ್ಲ್ಯಾಂಕ್‌ನಲ್ಲೇ ರೀಡಿಂಗ್ ಎದ್ದು ಕೂತಿರುತ್ತದೆ. ಯಾರೋ ಫಾಸ್ಫೇಟ್ ಬಫರ್‌ನಲ್ಲಿ ಕಿಣ್ವ ಕರಗಿಸಿದ್ದರೆ, ಫಾಸ್ಫೇಟ್ ಈ ಕಿಣ್ವದ ಉತ್ಪನ್ನವೇ ಆದ್ದರಿಂದ ಅದನ್ನು ತಡೆಯುತ್ತದೆ. ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಇದ್ದರೆ ಕಿಣ್ವಕ್ಕೆ ಬೇಕಾದ ಸತುವನ್ನು ಕಸಿದುಕೊಳ್ಳುತ್ತದೆ. ಇದೇ ಪ್ರಯೋಗವನ್ನು ಆಸಿಡ್ ಫಾಸ್ಫಟೇಸ್‌ಗೆ ಪಿಎಚ್ 5ರಲ್ಲಿ ಮಾಡಿದವರು ‘ಕಿಣ್ವ ಸತ್ತಿದೆ’ ಎನ್ನುತ್ತಾರೆ. ಕಿಣ್ವ ಬದುಕೇ ಇದೆ. ನೈಟ್ರೋಫೀನಾಲ್‌ನ ಪಿಕೆಎ 7.15, ಪಿಎಚ್ 5ರಲ್ಲಿ ಅದರ ಶೇಕಡಾ ಒಂದು ಪಾಲೂ ಹಳದಿ ರೂಪದಲ್ಲಿರುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕ್ರಿಯೆ ನಿಲ್ಲಿಸಿದ ಕ್ಷಣ ಬಣ್ಣ ಎದ್ದು ಬರುತ್ತದೆ.

ಸ್ಪೆಕ್ಟ್ರೋಫೋಟೋಮೀಟರ್ ಕೊಡುವ ಎಲ್ಲ ಅಂಕಿಗೂ ಒಂದೇ ಬೆಲೆಯಿಲ್ಲ. ರೀಡಿಂಗ್ 2 ಎಂದರೆ ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಡಿಟೆಕ್ಟರ್ ತಲುಪಿದೆ. ಯಂತ್ರದೊಳಗೆ ಅಡ್ಡಾಡುವ ಬೆಳಕೇ ಅದರ ಜೊತೆ ಸೇರಿ ಲೆಕ್ಕ ಕೆಡಿಸುತ್ತದೆ. 0.1ರಿಂದ 1ರ ನಡುವೆ ಇರಿ. 280 ನ್ಯಾನೋಮೀಟರ್‌ನಲ್ಲಿ ಪ್ರೋಟೀನ್ ಅಳೆಯಲು ಸಾಮಾನ್ಯ ಪ್ಲಾಸ್ಟಿಕ್ ಕ್ಯುವೆಟ್ ಬಳಸಿದರೆ ಪ್ಲಾಸ್ಟಿಕ್ಕನ್ನೇ ಅಳೆಯುತ್ತೀರಿ, ಕ್ವಾರ್ಟ್ಸ್ ಬೇಕು.

ಈಗ ವೇಗದ ಅಂಕಿಗಳು ಸಿಕ್ಕವು. ಹಲವು ಕಡೆ ಇವತ್ತಿಗೂ ಅವನ್ನು ತಲೆಕೆಳಗು ಮಾಡಿ (ಅಂದರೆ 1ನ್ನು ಅವುಗಳಿಂದ ಭಾಗಿಸಿ), 1934ರ ಲೈನ್‌ವೀವರ್-ಬರ್ಕ್ ಗ್ರಾಫ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಸುತ್ತಾರೆ. ಗ್ರಾಫ್ ನೋಡಲು ಚೆನ್ನ, ಕಲಿಸಲೂ ಸುಲಭ. ಆದರೆ ಏನಾಗುತ್ತದೆ ನೋಡಿ. ನಿಮ್ಮ ಅಳತೆಯಲ್ಲಿ ಎಲ್ಲೆಡೆ 0.005ರಷ್ಟು ಏರುಪೇರು ಇದೆ ಎನ್ನಿ. ವೇಗ 0.2 ಇದ್ದಲ್ಲಿ ಅದರ ತಲೆಕೆಳಗು 4.9ರಿಂದ 5.1. ವೇಗ 0.02 ಇದ್ದಲ್ಲಿ 40ರಿಂದ 67! ಅತಿ ಕಳಪೆ ಅಂಕಿಗಳೇ ಗ್ರಾಫಿನ ತುದಿಯಲ್ಲಿ ನಿಂತು ಇಡೀ ಗೆರೆಯನ್ನು ತಮ್ಮ ಕಡೆ ಜಗ್ಗುತ್ತವೆ. ಮೂಲ ವಕ್ರರೇಖೆಗೇ ಕಂಪ್ಯೂಟರಿನಲ್ಲಿ ನಾನ್-ಲೀನಿಯರ್ ಫಿಟ್ ಮಾಡುವುದೇ ಸರಿ. ಕಂಪ್ಯೂಟರ್ ಇದ್ದೂ ಇದನ್ನು ಕಲಿಸದ ವಿಭಾಗದ ಬಗ್ಗೆ ನಮಗೆ ಅನುಮಾನ. ಸಬ್‌ಸ್ಟ್ರೇಟ್‌ನ ಸಾಂದ್ರತೆಗಳನ್ನು ಕೆಎಂನ (ವೇಗ ಗರಿಷ್ಠದ ಅರ್ಧವಿರುವ ಸಾಂದ್ರತೆ) ಐದನೇ ಒಂದು ಪಾಲಿನಿಂದ ಐದು ಪಟ್ಟಿನ ತನಕ ಹರಡಿ. ಐದು ಪಟ್ಟಿನಲ್ಲೂ ವೇಗ ಗರಿಷ್ಠದ ಶೇಕಡಾ 83 ಮಾತ್ರ ಎಂಬುದು ನೆನಪಿರಲಿ.

ಜೆಲ್, ಪ್ರೋಟೀನಿನ ಲೆಕ್ಕ, ಸೀಡಿ

ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ಗೆ ಲೆಮ್ಲಿ 1970ರಲ್ಲಿ ಕೊಟ್ಟ ಪದ್ಧತಿಯೇ ಇಂದಿಗೂ ಚಾಲ್ತಿಯಲ್ಲಿದೆ. 12 ಶೇಕಡಾ ಜೆಲ್, 10 ಮಿಲಿಲೀಟರ್: ನೀರು 3.3, 30 ಶೇಕಡಾ ಅಕ್ರಿಲಮೈಡ್ ಮಿಶ್ರಣ 4.0, ಪಿಎಚ್ 8.8ರ 1.5 ಮೋಲಾರ್ ಟ್ರಿಸ್ 2.5, 10 ಶೇಕಡಾ ಎಸ್‌ಡಿಎಸ್ 0.1, 10 ಶೇಕಡಾ ಅಮೋನಿಯಂ ಪರ್‌ಸಲ್ಫೇಟ್ 0.1 ಮಿಲಿಲೀಟರ್, ಕೊನೆಗೆ ಟೆಮೆಡ್ 4 ಮೈಕ್ರೋಲೀಟರ್. ಅರ್ಧ ಗಂಟೆಯಲ್ಲಿ ಗಟ್ಟಿಯಾಗಬೇಕು. ಆಗದಿದ್ದರೆ ಮೊದಲ ಅನುಮಾನ ಹಳೆಯ ಪರ್‌ಸಲ್ಫೇಟ್ ಮೇಲೆ. ಅದನ್ನು ತಾಜಾ ಮಾಡಬೇಕು. ಮೇಲ್ಭಾಗ ಮಾತ್ರ ಗಟ್ಟಿಯಾಗದಿದ್ದರೆ ಗಾಳಿಯ ಆಕ್ಸಿಜನ್ ಕಾರಣ; ಮೇಲೆ ತೆಳ್ಳಗೆ ಐಸೋಪ್ರೊಪನಾಲ್ ಹರಡಿ. ಪಟ್ಟಿಗಳು ನಗುವ ಬಾಯಿಯಂತೆ ಬಾಗಿದರೆ ಜೆಲ್‌ನ ನಡುಭಾಗ ಕಾದಿದೆ, ವೋಲ್ಟೇಜ್ ಇಳಿಸಿ. ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಎಸ್‌ಡಿಎಸ್ ಬಿಳಿ ಗಸಿಯಾಗಿ ಬಾವಿಯಲ್ಲೇ ಕೂರುತ್ತದೆ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ. ಗ್ಲೌಸ್ ಇಲ್ಲದೆ ಮುಟ್ಟಬಾರದು, ಉಳಿದದ್ದನ್ನು ಗಟ್ಟಿ ಮಾಡಿಯೇ ಎಸೆಯಬೇಕು.

ಪ್ರೋಟೀನ್ ಎಷ್ಟಿದೆ ಎಂಬ ಪ್ರಶ್ನೆಗೆ ಎರಡು ದಾರಿಯಿಂದ ಉತ್ತರ ತೆಗೆಯಿರಿ. ಮೊದಲನೆಯದು ಅಮೈನೋ ಆಮ್ಲಗಳ ಎಣಿಕೆ: 280 ನ್ಯಾನೋಮೀಟರ್‌ನಲ್ಲಿ ಒಂದೊಂದು ಟ್ರಿಪ್ಟೋಫ್ಯಾನ್‌ಗೆ 5,500, ಒಂದೊಂದು ಟೈರೋಸಿನ್‌ಗೆ 1,490. ಮೂರು ಟ್ರಿಪ್ಟೋಫ್ಯಾನ್, ಎಂಟು ಟೈರೋಸಿನ್ ಇರುವ 30,000 ಡಾಲ್ಟನ್ ಪ್ರೋಟೀನಿಗೆ ಗುಣಾಂಕ 28,420. ರೀಡಿಂಗ್ 0.57 ಬಂದರೆ 20 ಮೈಕ್ರೋಮೋಲಾರ್, ಅಂದರೆ ಮಿಲಿಲೀಟರ್‌ಗೆ 0.6 ಮಿಲಿಗ್ರಾಂ. ಎರಡನೆಯದು 1976ರ ಬ್ರಾಡ್‌ಫೋರ್ಡ್ ವಿಧಾನ, ಕೂಮಾಸಿ ಬಣ್ಣ, 595 ನ್ಯಾನೋಮೀಟರ್. ಎರಡೂ ಉತ್ತರ ಒಂದೇ ಬರುವುದು ಅಪರೂಪ. ಕೂಮಾಸಿ ಮುಖ್ಯವಾಗಿ ಆರ್ಜಿನಿನ್ ಹುಡುಕಿಕೊಂಡು ಹೋಗುತ್ತದೆ. ನಿಮ್ಮ ಪ್ರೋಟೀನಿನಲ್ಲಿ ಆರ್ಜಿನಿನ್ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಉತ್ತರ ಬದಲಾಗುತ್ತದೆ. ಎಸ್‌ಡಿಎಸ್ ಇದ್ದರಂತೂ ಈ ವಿಧಾನ ಮರೆತುಬಿಡಿ. ನಿಕ್ಕಲ್ ಕಾಲಂನಿಂದ ಇಳಿಸಿದ ಪ್ರೋಟೀನಿನಲ್ಲಿ ಇಳಿಸಲು ಬಳಸಿದ ಇಮಿಡಜೋಲ್ ಉಳಿದಿದ್ದರೆ 280ರ ರೀಡಿಂಗ್‌ಗೂ ಅದು ತನ್ನ ಪಾಲು ಸೇರಿಸುತ್ತದೆ. ಬ್ಲ್ಯಾಂಕ್‌ಗೆ ನೀರು ಬೇಡ, ಅದೇ ಬಫರ್ ಇಡಿ.

ಈ ಅಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಪ್ರೋಟೀನ್ ಹೇಗೆ ಮಡಿಚಿಕೊಂಡಿದೆ ಎಂದು ಬೆಳಕಿನಿಂದ ಅಳೆಯುವ ಸರ್ಕ್ಯುಲರ್ ಡೈಕ್ರೋಯಿಸಂ ಎಂಬ ವಿಧಾನವಿದೆ. ಲ್ಯಾಬ್‌ಗಳಲ್ಲಿ ಸೀಡಿ ಎನ್ನುತ್ತಾರೆ. 208 ಮತ್ತು 222 ನ್ಯಾನೋಮೀಟರ್‌ನಲ್ಲಿ ಎರಡು ತಗ್ಗು ಕಂಡರೆ ಪ್ರೋಟೀನಿನಲ್ಲಿ ಆಲ್ಫಾ ಹೆಲಿಕ್ಸ್ ಎಂಬ ಸುರುಳಿ ಇದೆ. ಎಷ್ಟು ಎಂದು ಹೇಳಲು ರೀಡಿಂಗನ್ನು ಸಾಂದ್ರತೆಯಿಂದ ಭಾಗಿಸಬೇಕು. ಸಾಂದ್ರತೆಯಲ್ಲಿ ಶೇಕಡಾ 20 ತಪ್ಪಿದ್ದರೆ ಹೆಲಿಕ್ಸ್ ಲೆಕ್ಕವೂ ಅಷ್ಟೇ ತಪ್ಪು, ಯಂತ್ರ ಎಷ್ಟು ದುಬಾರಿಯಾಗಿದ್ದರೂ. ಇಲ್ಲಿ ಇನ್ನೊಂದು ಮಾಮೂಲು ಎಡವಟ್ಟು: 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇರುವ ಬಫರ್‌ನಲ್ಲೇ ಸ್ಯಾಂಪಲ್ ತರುವುದು. 200ರ ಕೆಳಗೆ ಕ್ಲೋರೈಡ್ ಬೆಳಕನ್ನೆಲ್ಲ ನುಂಗಿಹಾಕುತ್ತದೆ. ಪರದೆಯ ಮೇಲೆ ಆಗಲೂ ಒಂದು ಗೆರೆ ಬರುತ್ತದೆ, ಅದೇ ಅಪಾಯ. ಪಕ್ಕದಲ್ಲೇ ಡಿಟೆಕ್ಟರ್‌ನ ವೋಲ್ಟೇಜ್ ಏರುತ್ತಿರುವುದನ್ನು ನೋಡಲು ಕಲಿಸುವವರು ಬೇಕು. ಪ್ರೋಟೀನನ್ನು 10 ಮಿಲಿಮೋಲಾರ್ ಫಾಸ್ಫೇಟ್‌ಗೆ ಬದಲಿಸಿ, ಮಿಲಿಲೀಟರ್‌ಗೆ 0.1ರಿಂದ 0.2 ಮಿಲಿಗ್ರಾಂ ಇಟ್ಟುಕೊಂಡು, 1 ಮಿಲಿಮೀಟರ್ ಸೆಲ್ ಬಳಸಿದರೆ ಕೆಲಸ ಸಲೀಸು.

ಸೆಂಟ್ರಿಫ್ಯೂಜ್ ಬಗ್ಗೆ ಒಂದೇ ಮಾತು. ‘13,000 ಆರ್‌ಪಿಎಂ’ ಎಂದು ಬರೆದಿಟ್ಟರೆ ಅದು ಅಳತೆ ಅಲ್ಲ. ರೋಟರ್‌ನ ತ್ರಿಜ್ಯ 8 ಸೆಂಟಿಮೀಟರ್ ಇದ್ದರೆ ಅದು ಗುರುತ್ವದ 15,100 ಪಟ್ಟು, 6 ಇದ್ದರೆ 11,300 ಪಟ್ಟು. ‘ಜಿ’ ಲೆಕ್ಕದಲ್ಲೇ ಬರೆಯಿರಿ.

ಸೇರುವ ಮುನ್ನ ನೋಡಬೇಕಾದ್ದು

ಇಷ್ಟು ಹೇಳಿದ್ದು ಯಾಕೆಂದರೆ ವಿಶ್ವವಿದ್ಯಾಲಯವನ್ನು ಅಳೆಯುವ ಗೋಲೂ ಇದರಲ್ಲೇ ಇದೆ. ಖಾಸಗಿ ಸಂಸ್ಥೆಗಳಿಗೆ ಒಂದು ಅನುಕೂಲ ಉಂಟು: ಪಠ್ಯಕ್ರಮ ಬದಲಿಸುವುದು, ಹೊಸ ಉಪಕರಣ ತರಿಸುವುದು ಅವರಿಗೆ ಬೇಗ ಸಾಧ್ಯ. ಆದರೆ ಉಪಕರಣ ತರಿಸುವುದು ಒಂದು, ಅದನ್ನು ವಿದ್ಯಾರ್ಥಿಯ ಕೈಗೆ ಕೊಡುವುದು ಇನ್ನೊಂದು.

ಕ್ಯಾಂಪಸ್ ನೋಡಲು ಹೋದಾಗ ಯಂತ್ರವನ್ನು ತೋರಿಸುತ್ತಾರೆ. ನೀವು ಅದರ ಪಕ್ಕದ ಲಾಗ್‌ಬುಕ್ ಕೇಳಿ. ಕಳೆದ ಮೂರು ತಿಂಗಳಲ್ಲಿ ಯಾರು ಬಳಸಿದ್ದಾರೆ? ಬರೀ ಇಬ್ಬರು ಸಂಶೋಧಕರ ಹೆಸರೇ ತಿರುಗಿ ತಿರುಗಿ ಬಂದರೆ ಪದವಿ ವಿದ್ಯಾರ್ಥಿಗಳಿಗೆ ಅದು ಗಾಜಿನ ಪೆಟ್ಟಿಗೆಯ ಗೊಂಬೆ. ಲಾಗ್‌ಬುಕ್ಕೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು. ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು, ‘ಕೊನೆಯ ಬಾರಿ ನೀವೇ ಜೆಲ್ ಸುರಿದದ್ದು ಯಾವಾಗ?’ ಎಂದು ಕೇಳಿ. ‘ಡೆಮೊ ತೋರಿಸಿದರು’ ಎಂಬ ಉತ್ತರ ಬಂದರೆ ಅರ್ಥ ಮಾಡಿಕೊಳ್ಳಿ.

ಪ್ರಾಕ್ಟಿಕಲ್‌ಗೆ ಒಂದು ಬೆಂಚಿಗೆ ಎಷ್ಟು ಜನ? ಇಬ್ಬರಾದರೆ ಉತ್ತಮ, ಮೂವರು ತಡೆಯಬಹುದು. ಆರು ಜನರ ಗುಂಪಿನಲ್ಲಿ ಒಬ್ಬ ಪಿಪೆಟ್ ಹಿಡಿಯುತ್ತಾನೆ, ಒಬ್ಬಳು ಬರೆದುಕೊಳ್ಳುತ್ತಾಳೆ, ಮಿಕ್ಕ ನಾಲ್ವರು ರೆಕಾರ್ಡ್ ಕಾಪಿ ಮಾಡುತ್ತಾರೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಳ್ಳಿ. ಬ್ರೋಷರ್‌ಗಿಂತ ಹೆಚ್ಚು ನಿಜ ಹೇಳುತ್ತವೆ. ‘ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆಗಳೇ ತುಂಬಿದ್ದು, ಒಂದೂ ಲೆಕ್ಕವಿಲ್ಲದಿದ್ದರೆ ಹೆಸರಿನಲ್ಲಿರುವ ‘ಜೀವಭೌತ’ ಅಲಂಕಾರಕ್ಕೆ. ಪಠ್ಯಕ್ರಮದಲ್ಲಿ ಥರ್ಮೋಡೈನಮಿಕ್ಸ್, ಕೈನೆಟಿಕ್ಸ್, ಸಂಖ್ಯಾಶಾಸ್ತ್ರ, ಒಂದಿಷ್ಟು ಪ್ರೋಗ್ರಾಮಿಂಗ್ ಇರಲೇಬೇಕು. ‘ಉಪಕರಣಗಳ ತತ್ತ್ವ’ ಎಂಬ ಒಂದು ಸೆಮಿಸ್ಟರ್ ಮಾತ್ರ ಇದ್ದರೆ ಅದು ಜೀವಭೌತ ವಿಜ್ಞಾನವಲ್ಲ.

ಕೊನೆಯ ವರ್ಷದ ಪ್ರಾಜೆಕ್ಟ್ ಈ ಪದವಿಯ ಮುಖ್ಯ ಭಾಗ. ಅದು ಎಷ್ಟು ತಿಂಗಳು, ಟಿಪ್, ಕಿಣ್ವ, ರಾಸಾಯನಿಕಗಳ ಖರ್ಚು ಯಾರದು, ಮಾರ್ಗದರ್ಶಕರು ವಾರಕ್ಕೆ ಎಷ್ಟು ಗಂಟೆ ಪಾಠ ಮಾಡುತ್ತಾರೆ ಎಂದು ಕೇಳಿ. ವಾರವಿಡೀ ಪಾಠ ಹೇಳುವವರಿಗೆ ನಿಮ್ಮ ಜೆಲ್ ನೋಡಲು ಪುರುಸೊತ್ತಿರುವುದಿಲ್ಲ; ಅವರ ತಪ್ಪೂ ಅಲ್ಲ. ಮಾರ್ಗದರ್ಶಕರು ಅರ್ಧದಲ್ಲಿ ಕೆಲಸ ಬಿಟ್ಟರೆ ಯಾರು ಎಂಬುದಕ್ಕೂ ಉತ್ತರ ಇರಬೇಕು. ಇನ್ನೊಬ್ಬ ಸಹ-ಮಾರ್ಗದರ್ಶಕರ ಹೆಸರನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಮೈನಸ್ 80 ಡಿಗ್ರಿಯ ಫ್ರೀಜರ್ ಇದ್ದರೆ ಬಾಗಿಲ ಮೇಲಿನ ಅಂಕಿ ನೋಡಿ, ಕರೆಂಟ್ ಹೋದಾಗ ಏನು ವ್ಯವಸ್ಥೆ ಎಂದು ಕೇಳಿ. ದ್ರವ ಸಾರಜನಕ ಇಟ್ಟಿರುವ ಕೋಣೆಗೆ ಗಾಳಿ ಆಡುವ ದಾರಿ, ಆಕ್ಸಿಜನ್ ಅಲಾರಂ ಇದೆಯೇ ಗಮನಿಸಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ, ಮುಚ್ಚಿದ ಸಣ್ಣ ಕೋಣೆಯಲ್ಲಿ ಉಸಿರು ನಿಲ್ಲಿಸಲು ಅದು ಸಾಕು.

ದುಡ್ಡಿನ ವಿಷಯದಲ್ಲಿ ಬೋಧನಾ ಶುಲ್ಕ ಒಂದನ್ನೇ ಹೋಲಿಸಬೇಡಿ. ಲ್ಯಾಬ್ ಶುಲ್ಕ, ಪರೀಕ್ಷೆ, ಮರುಪರೀಕ್ಷೆ, ಪ್ರಾಜೆಕ್ಟ್, ಠೇವಣಿ ಎಲ್ಲ ಕೂಡಿಸಿ ಇಡೀ ಪದವಿಯ ಮೊತ್ತ ತೆಗೆಯಿರಿ. ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬ ನಿಯಮ ಕಾಗದದ ಮೇಲಿರಲಿ. ಮಾನ್ಯತೆಯನ್ನು ವಿಶ್ವವಿದ್ಯಾಲಯದ ಜಾಹೀರಾತಿನಲ್ಲಿ ನೋಡದೆ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲೇ ನೋಡಿ. ಪದವಿ ಪತ್ರದ ಮೇಲೆ ವಿಷಯದ ಹೆಸರು ಹೇಗೆ ಅಚ್ಚಾಗುತ್ತದೆ ಎಂಬುದನ್ನೂ ವಿಚಾರಿಸಿ. ಮುಂದಿನ ಓದಿನ ಅರ್ಹತಾ ಪಟ್ಟಿಯಲ್ಲಿ ಆ ಹೆಸರು ಇಲ್ಲದಿದ್ದರೆ ಅರ್ಜಿ ಹಾಕುವಾಗ ಪರದಾಟ.

ಸಭೆಯಿಂದ ಬಂದ ಪ್ರಶ್ನೆಗಳು

ಗಣಿತದಲ್ಲಿ ಹಿಂದುಳಿದವರು ಸೇರಬಹುದೇ?

ಸೇರಬಹುದು, ಕಲಿಯಲು ಸಿದ್ಧರಿದ್ದರೆ. ಮೊದಲ ವರ್ಷಕ್ಕೆ ಲಾಗರಿದಮ್, ಘಾತೀಯ ಇಳಿಕೆ, ಸರಳ ಅವಕಲನ ಸಾಕು. ಸಂಖ್ಯಾಶಾಸ್ತ್ರ ಅದಕ್ಕಿಂತ ಮುಖ್ಯ, ಅದನ್ನೇ ಹೆಚ್ಚಿನವರು ಕಡೆಗಣಿಸುತ್ತಾರೆ. ಒಂದೇ ಟ್ಯೂಬನ್ನು ಮೂರು ಸಲ ಅಳೆಯುವುದು ಮೂರು ಪ್ರಯೋಗವಲ್ಲ, ಒಂದೇ ಪ್ರಯೋಗ. ಇದು ತಿಳಿಯದೆ ಎರರ್ ಬಾರ್ ಹಾಕಿದ ಗ್ರಾಫ್‌ಗಳಿಗೆ ಲೆಕ್ಕವಿಲ್ಲ.

ಕೃತಕ ಬುದ್ಧಿಮತ್ತೆಯೇ ಪ್ರೋಟೀನಿನ ಆಕಾರ ಹೇಳುವಾಗ ಇಷ್ಟೆಲ್ಲ ಕಷ್ಟ ಯಾಕೆ?

2024ರ ರಸಾಯನ ನೊಬೆಲ್ ಬೇಕರ್, ಹಸಾಬಿಸ್, ಜಂಪರ್ ಅವರಿಗೆ ಸಂದದ್ದು ಈ ಕ್ಷೇತ್ರಕ್ಕೇ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ತಂತ್ರ ಕೊಡುವ ಚಿತ್ರದಲ್ಲಿ ಪ್ರತಿ ಭಾಗಕ್ಕೂ ನಂಬಿಕೆಯ ಅಂಕವಿರುತ್ತದೆ. 50ಕ್ಕಿಂತ ಕಡಿಮೆ ಅಂಕದ ನೂಲಿನಂಥ ಭಾಗವನ್ನು ಆಕಾರವೆಂದು ಓದಬಾರದು, ಅದು ಬಹುಪಾಲು ಆಕಾರವೇ ಇಲ್ಲದ ಭಾಗ. ಆ ತಂತ್ರ ಕಲಿತದ್ದು 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಕೂಡಿಟ್ಟ, ಲ್ಯಾಬ್‌ಗಳಲ್ಲಿ ಅಳೆದ ರಚನೆಗಳಿಂದಲೇ. ಮಾದರಿ ಸರಿಯಿದೆಯೇ ಎಂದು ನೋಡಲು ಇಂದಿಗೂ 1963ರ ರಾಮಚಂದ್ರನ್ ನಕ್ಷೆಯ ಮೇಲೆ ಪ್ರೋಟೀನ್ ಸರಪಳಿಯ ತಿರುವಿನ ಕೋನಗಳನ್ನು ಗುರುತಿಸುತ್ತೇವೆ. ನಿಮ್ಮ ಕಿಣ್ವದ ವೇಗ ಎಷ್ಟು, ಯಾವ ಉಪ್ಪಿನಲ್ಲಿ ಅದು ಗಸಿಯಾಗುತ್ತದೆ ಎಂಬುದು ಆ ಚಿತ್ರದಲ್ಲಿ ಇರುವುದಿಲ್ಲ.

ತರಗತಿ ಶುರುವಾಗಲು ಒಂದು ತಿಂಗಳಿದೆ. ಏನು ಮಾಡಬಹುದು?

ಸಾಂದ್ರತೆಯ ಲೆಕ್ಕಗಳನ್ನು ಬಾಯಿಗೆ ಬರುವಂತೆ ಮಾಡಿಕೊಳ್ಳಿ. 50,000 ಡಾಲ್ಟನ್ ಪ್ರೋಟೀನ್ ಮಿಲಿಲೀಟರ್‌ಗೆ 1 ಮಿಲಿಗ್ರಾಂ ಇದ್ದರೆ 20 ಮೈಕ್ರೋಮೋಲಾರ್. ಒಂದು ಬ್ಯಾಕ್ಟೀರಿಯಾದೊಳಗೆ ಒಂದೇ ಒಂದು ಅಣು ಇದ್ದರೆ ಅದರ ಸಾಂದ್ರತೆ ಸುಮಾರು 1.7 ನ್ಯಾನೋಮೋಲಾರ್, ಹೇಗೆಂದು ನೀವೇ ಲೆಕ್ಕ ಮಾಡಿ, ಗಾತ್ರ 1 ಫೆಮ್ಟೋಲೀಟರ್ ಎಂದಿಟ್ಟುಕೊಳ್ಳಿ. ಇನ್ನೊಂದು ಅಭ್ಯಾಸ ಈಗಲೇ ಬೆಳೆಸಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ‘1:10ಕ್ಕೆ ತೆಳುಮಾಡಿದೆ’ ಎಂದು ಬರೆಯಬೇಡಿ. ಒಬ್ಬರಿಗೆ ಅದು ಹತ್ತರಲ್ಲಿ ಒಂದು, ಇನ್ನೊಬ್ಬರಿಗೆ ಒಂದಕ್ಕೆ ಹತ್ತು ಸೇರಿಸಿ ಹನ್ನೊಂದರಲ್ಲಿ ಒಂದು. ಎರಡರ ನಡುವೆ ಶೇಕಡಾ 9ರ ವ್ಯತ್ಯಾಸ. ‘100 ಮೈಕ್ರೋಲೀಟರ್ ತೆಗೆದು 900 ಮೈಕ್ರೋಲೀಟರ್ ಬಫರ್ ಸೇರಿಸಿದೆ’ ಎಂದು ಬರೆಯಿರಿ. ಯಾವ ಬಫರ್, ಯಾವ ಉಷ್ಣತೆ ಎಂಬುದನ್ನೂ.